ಧರೆಯೂ ರಸ್ತೆಯೇ: ಶಿರಾಡಿ ಅಗಲೀಕರಣದ ಎರಡು ಲೆಕ್ಕ

ಮಳೆಗಾಲ ಹಿಡಿದರೆ ಸಕಲೇಶಪುರದ ಕಡೆಯಿಂದ ಎರಡು ಸುದ್ದಿ ಜೊತೆಗೇ ಬರುತ್ತವೆ. ದೋಣಿಗಾಲ್ ಹತ್ತಿರ ಧರೆ (ಗುಡ್ಡ ಕಡಿದಾಗ ರಸ್ತೆ ಬದಿಗೆ ನಿಲ್ಲುವ ಮಣ್ಣಿನ ಗೋಡೆ) ಜಾರಿ ಹೆದ್ದಾರಿ ಮೇಲೆ ಮಣ್ಣು ಬಿದ್ದಿದೆ, ರಸ್ತೆ ಅಗಲ ಮಾಡಲು ಗುಡ್ಡ ಕಡಿದದ್ದೇ ಕಾರಣ ಎಂಬುದು ಮೊದಲನೆಯದು. ಶಿರಾಡಿ ಘಾಟಿಯಲ್ಲಿ ಅಪಘಾತ ನಿಲ್ಲುತ್ತಿಲ್ಲ, ಬೇಗ ನಾಲ್ಕು ಪಥ ಮಾಡಿ, ಆಗದಿದ್ದರೆ ಸುರಂಗವನ್ನಾದರೂ ಕೊರೆಯಿರಿ ಎಂಬುದು ಎರಡನೆಯದು. ಒಂದು ಸುದ್ದಿ ಅಗಲ ಮಾಡಿದ್ದು ತಪ್ಪು ಅನ್ನುತ್ತದೆ. ಇನ್ನೊಂದು ಅಗಲ ಮಾಡದಿರುವುದೇ ತಪ್ಪು ಅನ್ನುತ್ತದೆ. ಎಷ್ಟೋ ಸಲ ಎರಡನ್ನೂ ಹೇಳುವುದು ಅದೇ ಊರಿನ ಜನ. ಓದುವವರಿಗೆ ತಲೆ ಕೆಡುವುದು ಸಹಜ ಅಲ್ವಾ?

ಅವರೇನೂ ಮಾತು ಬದಲಿಸುತ್ತಿಲ್ಲ. ಎರಡು ದೂರಿನಲ್ಲೂ ಹುರುಳಿದೆ. ಸುರಕ್ಷತೆಗೆ ಒಂದು ಲೆಕ್ಕದ ಪುಸ್ತಕ, ಪರಿಸರಕ್ಕೆ ಇನ್ನೊಂದು ಪುಸ್ತಕ ಇಟ್ಟು ರಸ್ತೆ ಯೋಜಿಸುವ ಪದ್ಧತಿ ನಮ್ಮದು. ಗೊಂದಲದ ಬೇರು ಅಲ್ಲಿದೆ.

ಎರಡು ಕಡೆ ಅಗಲ, ನಡುವೆ ಕತ್ತು

ರಾಷ್ಟ್ರೀಯ ಹೆದ್ದಾರಿ 75 ಬೆಂಗಳೂರು ಮತ್ತು ಮಂಗಳೂರನ್ನು ಹಾಸನದ ಮೂಲಕ ಜೋಡಿಸುತ್ತದೆ. ಹಳೇ ಲೆಕ್ಕದಲ್ಲಿ ಇದು 48. ನೆಲಮಂಗಲದಿಂದ ಹಾಸನದವರೆಗೆ ನಾಲ್ಕು ಪಥ ಆಗಿ ವರ್ಷಗಳಾದವು. ಹಾಸನದಿಂದ ಮಾರನಹಳ್ಳಿವರೆಗಿನ ಸುಮಾರು 45 ಕಿ.ಮೀ. ಅಗಲೀಕರಣ ನಿಂತು, ಮತ್ತೆ ಶುರುವಾಗಿ, ಎಳೆದಾಡುತ್ತಲೇ ಬಂತು. ಘಾಟಿಯ ಕೆಳಗೆ ಅಡ್ಡಹೊಳೆಯಿಂದ ಬಿ.ಸಿ. ರೋಡ್ ಕಡೆಗೂ ನಾಲ್ಕು ಪಥದ ಕೆಲಸ ಕೈಗೆತ್ತಿಕೊಳ್ಳಲಾಯಿತು. ನಡುವೆ ಮಾರನಹಳ್ಳಿಯಿಂದ ಅಡ್ಡಹೊಳೆವರೆಗೆ ಸುಮಾರು 26 ಕಿ.ಮೀ. ಶಿರಾಡಿ ಘಾಟಿ. ಅಲ್ಲಿರುವುದು ಎರಡೇ ಪಥದ ಕಾಂಕ್ರೀಟ್ ರಸ್ತೆ. ಆ ಕಾಂಕ್ರೀಟ್ ಹಾಕಲು 2015ರಲ್ಲಿ ಒಮ್ಮೆ, 2018ರಲ್ಲಿ ಇನ್ನೊಮ್ಮೆ ತಿಂಗಳುಗಟ್ಟಲೆ ರಸ್ತೆ ಮುಚ್ಚಿದ್ದರು. 2018ರಲ್ಲಿ ಕೆಲಸ ಮುಗಿಸಿ ತೆರೆದ ಸ್ವಲ್ಪ ದಿನಕ್ಕೇ, ಆಗಸ್ಟ್ ಮಳೆಗೆ ಗುಡ್ಡ ಜಾರಿ ಮತ್ತೆ ಮುಚ್ಚಬೇಕಾಯಿತು.

ಮಂಗಳೂರು ಬಂದರಿನಿಂದ ಒಳನಾಡಿಗೆ ಹೋಗುವ ಎಣ್ಣೆ, ಅಡುಗೆ ಅನಿಲ, ಇತರ ಸರಕಿನ ದೊಡ್ಡ ಪಾಲು ಈ ಕತ್ತಿನಲ್ಲೇ ಹಾಯಬೇಕು. ರಾತ್ರಿ ಬಸ್ಸುಗಳೂ ಇಲ್ಲೇ. ಪಕ್ಕದಲ್ಲೇ ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ರೈಲು ಹಳಿ ಇದೆ. 55 ಕಿ.ಮೀ.ಗೆ 57 ಸುರಂಗ. 2024ರ ಜುಲೈನಲ್ಲಿ ದೋಣಿಗಾಲ್ ಹತ್ತಿರ ರಸ್ತೆಗೂ, ಎಡಕುಮೇರಿ–ಕಡಗರವಳ್ಳಿ ನಡುವೆ ಹಳಿಗೂ ಒಂದೇ ತಿಂಗಳಲ್ಲಿ ಪೆಟ್ಟು ಬಿತ್ತು. ಶಿರಾಡಿ ಮುಚ್ಚಿದರೆ ವಾಹನಗಳು ಮೂಡಿಗೆರೆ, ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿಗೆ ಹೋಗಬೇಕು, ಇಲ್ಲವೇ ಮಡಿಕೇರಿ ಸುತ್ತಿ ಸಂಪಾಜೆಗೆ ಇಳಿಯಬೇಕು. ಚಾರ್ಮಾಡಿ ಇನ್ನೂ ಕಿರಿದು. 2019ರ ಆಗಸ್ಟ್‌ನಲ್ಲಿ ಅದೇ ಕುಸಿದು ತಿಂಗಳುಗಟ್ಟಲೆ ಮುಚ್ಚಿತ್ತು.

ಜನ ಸಾಯುವುದು ಯಾವುದರಿಂದ?

ಭಾರತದಲ್ಲಿ 2022ರಲ್ಲಿ ರಸ್ತೆ ಅಪಘಾತಕ್ಕೆ ಬಲಿಯಾದವರು 1,68,491 ಮಂದಿ. ಕರ್ನಾಟಕದಲ್ಲಿ 11,702. ದೇಶದ ಒಟ್ಟು ರಸ್ತೆಯಲ್ಲಿ ರಾಷ್ಟ್ರೀಯ ಹೆದ್ದಾರಿಗಳ ಪಾಲು ಬರೀ 2 ಶೇಕಡಾ ಆಸುಪಾಸು. ಸಾವಿನಲ್ಲಿ ಅವುಗಳ ಪಾಲು 36 ಶೇಕಡಾ. ಹಾಗಾಗಿ ಹೆದ್ದಾರಿಯ ಸುರಕ್ಷತೆ ಕೇಳುವವರನ್ನು ಅಭಿವೃದ್ಧಿಯ ಹುಚ್ಚಿನವರು ಎಂದು ತಳ್ಳಿಹಾಕಲು ಬರುವುದಿಲ್ಲ.

ನಾಲ್ಕು ಪಥದಿಂದ ನಿಜವಾದ ಲಾಭವೂ ಇದೆ. ಎರಡು ಪಥದ ರಸ್ತೆಯಲ್ಲಿ ಏರು ಹತ್ತುವ ಲಾರಿ ತೆವಳುತ್ತದೆ. ಹಿಂದೆ ಹತ್ತಿಪ್ಪತ್ತು ವಾಹನ ಸಾಲುಗಟ್ಟುತ್ತವೆ. ಯಾರಿಗೋ ತಾಳ್ಮೆ ತಪ್ಪಿ ತಿರುವಿನಲ್ಲೇ ಓವರ್‌ಟೇಕ್ ಮಾಡಲು ಹೊರಡುತ್ತಾರೆ. ಎದುರಿನಿಂದ ಬಸ್ ಬರುತ್ತದೆ. ನಡುವೆ ಡಿವೈಡರ್ ಇದ್ದರೆ ಈ ಮುಖಾಮುಖಿ ಡಿಕ್ಕಿ ಹೆಚ್ಚುಕಡಿಮೆ ಇಲ್ಲವಾಗುತ್ತದೆ. ಆದರೆ ಇಲ್ಲಿ ಜೀವ ಉಳಿಸಿದ್ದು ಯಾವುದು? ಹೋಗುವವರನ್ನೂ ಬರುವವರನ್ನೂ ಬೇರೆ ಮಾಡಿದ ತಡೆ. ಅಗಲ ಅದರ ಜೊತೆಗೆ ಬಂದದ್ದು.

ಅಗಲ ತನ್ನ ಕಡೆಯಿಂದ ತರುವುದು ವೇಗವನ್ನು. ಸರಾಸರಿ ವೇಗ 1 ಶೇಕಡಾ ಏರಿದರೆ ಸಾವಿನ ಅಪಘಾತದ ಅಪಾಯ ಸುಮಾರು 4 ಶೇಕಡಾ ಏರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೆಂಗಳೂರು–ಮೈಸೂರು ಹೆದ್ದಾರಿ ಇದಕ್ಕೆ ಹತ್ತಿರದ ಉದಾಹರಣೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆ ಆದಮೇಲೆ ಅಲ್ಲಿ ಸಾವಿನ ಸುದ್ದಿ ಸಾಲುಸಾಲಾಗಿ ಬಂತು. ಅದೇ ವರ್ಷ ಆಗಸ್ಟ್ 1ರಿಂದ ಬೈಕ್, ಆಟೊ, ಟ್ರ್ಯಾಕ್ಟರುಗಳನ್ನು ಮುಖ್ಯ ಪಥದಿಂದ ಹೊರಗಿಟ್ಟರು. ವೇಗ ಅಳೆಯುವ ಕ್ಯಾಮೆರಾ ಬಂದವು, ದಂಡ ಬೀಳತೊಡಗಿತು. ಸಾವಿನ ಸಂಖ್ಯೆ ಚೆನ್ನಾಗಿಯೇ ಇಳಿಯಿತು. ರಸ್ತೆಯ ಅಗಲ ಒಂದಿಂಚೂ ಬದಲಾಗಿರಲಿಲ್ಲ.

ಘಾಟಿಯ ಅಪಘಾತಗಳಿಗೆ ಬೇರೆಯದೇ ಜಾಯಮಾನ. ಇಳಿಜಾರಿನಲ್ಲಿ ಲೋಡ್ ಲಾರಿಯ ಬ್ರೇಕ್ ಕಾದು ಹಿಡಿತ ಬಿಡುತ್ತದೆ. ಡೀಸೆಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಬಿಡುವ ಚಾಳಿ ಅದಕ್ಕೆ ಸೇರಿಕೊಳ್ಳುತ್ತದೆ. ಮಂಜು, ಮಳೆ, ರಾತ್ರಿಯಿಡೀ ಓಡಿಸಿದ ಚಾಲಕನ ನಿದ್ದೆ ಬೇರೆ. ಬ್ರೇಕ್ ಹೋದ ಲಾರಿಗೆ ನಾಲ್ಕು ಪಥದಿಂದ ಆಗುವ ಉಪಕಾರ ಕಡಿಮೆ. ಅದಕ್ಕೆ ಬೇಕಾದದ್ದು ಜಲ್ಲಿ ತುಂಬಿದ ಏರು ಕವಲು. ಲಾರಿ ಅದರೊಳಗೆ ನುಗ್ಗಿ ತಾನಾಗಿ ನಿಲ್ಲುತ್ತದೆ.

ಬಯಲಿನ ಕಥೆ ಮತ್ತೊಂದು. ಚನ್ನರಾಯಪಟ್ಟಣ, ಹಾಸನದ ಸುತ್ತ ಹೆದ್ದಾರಿ ಊರುಗಳ ಪಕ್ಕದಲ್ಲೇ ಹಾಯುತ್ತದೆ. ಊರು ಒಂದು ಕಡೆ, ಹೊಲ ಇನ್ನೊಂದು ಕಡೆ. ದಾಟಲು ಅಂಡರ್‌ಪಾಸ್ ದೂರ ಇದ್ದರೆ ಜನ ಡಿವೈಡರ್ ಸಂದಿನಲ್ಲೇ ದಾಟುತ್ತಾರೆ. ಸರ್ವಿಸ್ ರೋಡ್ ಅರ್ಧಕ್ಕೆ ನಿಂತರೆ ಬೈಕ್ ಎದುರು ದಿಕ್ಕಿನಲ್ಲೇ ಬರುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ಹಾಸನ ತಾಲ್ಲೂಕಿನ ಮೊಸಳೆ ಹೊಸಹಳ್ಳಿಯಲ್ಲಿ ಗಣೇಶ ವಿಸರ್ಜನೆ ಮೆರವಣಿಗೆಗೆ ಲಾರಿ ನುಗ್ಗಿ ಹಲವರು ಸತ್ತರು. ಅದು ನಡೆದದ್ದು ಬೇರೆ ಹೆದ್ದಾರಿಯಲ್ಲಿ. ಊರಿನ ಬೀದಿಯೂ ಹೆದ್ದಾರಿಯೂ ಒಂದೇ ಆದಾಗ ಏನಾಗಬಹುದು ಎಂಬುದಕ್ಕೆ ಆ ರಾತ್ರಿ ಸಾಕ್ಷಿ.

ಒಂದೇ ಹೆದ್ದಾರಿಯಲ್ಲೇ ಸಾವಿಗೆ ಹೀಗೆ ಮೂರ್ನಾಲ್ಕು ಬಗೆಯ ಕಾರಣ. ಎಲ್ಲಕ್ಕೂ ‘ಅಗಲ ಮಾಡಿ’ ಎಂಬ ಒಂದೇ ಮದ್ದು ಬರೆದರೆ ಕೆಲವು ಕಡೆ ಹಿಡಿಯುತ್ತದೆ, ಕೆಲವು ಕಡೆ ರೋಗ ಜಾಸ್ತಿಯಾಗುತ್ತದೆ.

ಗುಡ್ಡ ಕಡಿಯುವ ಲೆಕ್ಕ

ಕುಸಿತ ಆದಾಗಲೆಲ್ಲ ‘ಅವೈಜ್ಞಾನಿಕ ಕಾಮಗಾರಿ’ ಎಂಬ ಮಾತು ಬರುತ್ತದೆ. ಪತ್ರಿಕೆ, ಅಧಿಕಾರಿ, ಮಂತ್ರಿ ಎಲ್ಲರೂ ಬಳಸುವ ಮಾತು ಇದು. ಕೇಳಿದವರಿಗೆ ಮಾತ್ರ ಏನೂ ತಿಳಿಯುವುದಿಲ್ಲ. ಕಾಗದ ಪೆನ್ಸಿಲ್ ಹಿಡಿದು ನೋಡೋಣ.

ರಸ್ತೆ ಪಕ್ಕದ ಗುಡ್ಡ 30 ಡಿಗ್ರಿ ಓರೆ ಇದೆ ಅಂದುಕೊಳ್ಳಿ. ಲೆಕ್ಕ ಸುಲಭವಾಗಲಿ, ಹಳೇ ಧರೆ ಇಲ್ಲವೆಂದೇ ಇಟ್ಟುಕೊಳ್ಳೋಣ. ರಸ್ತೆಯನ್ನು ಗುಡ್ಡದ ಒಳಕ್ಕೆ 10 ಮೀಟರ್ ಅಗಲ ಮಾಡಬೇಕು. ಗೋಡೆಯಂತೆ ನೇರ ಕಡಿದರೆ ಧರೆಯ ಎತ್ತರ ಸುಮಾರು 6 ಮೀಟರ್. ಜಾಗ ಉಳಿಯಿತು, ಮೇಲಿನ ಮರಗಳೂ ಉಳಿದವು. ಆದರೆ ನೆಟ್ಟಗೆ ಕಡಿದ ಮಣ್ಣು ಮಲೆನಾಡಿನ ಮಳೆಗೆ ನಿಲ್ಲುವುದಿಲ್ಲ. ನಿಲ್ಲಲಿ ಎಂದು 45 ಡಿಗ್ರಿ ಓರೆಯಾಗಿ ಕಡಿದರೆ ಎತ್ತರ 14 ಮೀಟರ್ ಹತ್ತಿರಕ್ಕೆ ಹೋಗುತ್ತದೆ. ಧರೆಯ ಮೇಲಂಚು ಹಳೇ ರಸ್ತೆಯಿಂದ 24 ಮೀಟರ್ ಒಳಗೆ ಸರಿಯುತ್ತದೆ. 10 ಮೀಟರ್ ರಸ್ತೆಗೆ 24 ಮೀಟರ್ ಕಾಡೋ ಕಾಫಿ ತೋಟವೋ ಹೋಯಿತು. ಗುಡ್ಡ 40 ಡಿಗ್ರಿ ಓರೆ ಇದ್ದರೆ? ಅದೇ 10 ಮೀಟರಿಗೆ ಧರೆ 50 ಮೀಟರ್ ಎತ್ತರ ದಾಟುತ್ತದೆ.

ಈಗ ಇಕ್ಕಟ್ಟು ಎಲ್ಲಿದೆ ಅಂತ ಕಾಣುತ್ತದೆ. ಅರಣ್ಯ ಭೂಮಿ ಆದಷ್ಟು ಕಡಿಮೆ ತೆಗೆದುಕೊಳ್ಳಿ ಎಂಬುದು ಪರಿಸರದ ಪುಸ್ತಕದ ಮಾತು. ಭೂ ಪರಿಹಾರ ಕಡಿಮೆ ಇರಲಿ ಎಂಬುದು ಹಣದ ಪುಸ್ತಕದ ಮಾತು. ಎರಡೂ ಸೇರಿ ರಸ್ತೆಗೆ ಕಿರಿದಾದ ಪಟ್ಟಿ ಸಿಗುತ್ತದೆ. ಆ ಪಟ್ಟಿಯೊಳಗೆ ನಾಲ್ಕು ಪಥ ತುರುಕಬೇಕು. ಗುತ್ತಿಗೆದಾರ ಹಿಟಾಚಿ ತಂದು ನೆಟ್ಟಗೆ ಕಡಿಯುತ್ತಾನೆ. ಹೆಕ್ಟೇರು ಲೆಕ್ಕದಲ್ಲಿ ಕಾಡು ಉಳಿಯಿತು ಎಂದು ಕಡತದಲ್ಲಿ ಬರೆಯುತ್ತಾರೆ. ಎರಡನೇ ಮಳೆಗಾಲಕ್ಕೆ ಆ ಉಳಿದ ಕಾಡು ಮಣ್ಣಿನ ಸಮೇತ ರಸ್ತೆಗೆ ಬರುತ್ತದೆ.

ಜೊತೆಗೆ ನೀರು. ಘಾಟಿಯ ಪಶ್ಚಿಮದ ಓರೆಯಲ್ಲಿ ವರ್ಷಕ್ಕೆ 4,000 ಮಿ.ಮೀ. ದಾಟುವ ಮಳೆ ಅಪರೂಪವಲ್ಲ. ಇಲ್ಲಿನ ಬಂಡೆ ಲಕ್ಷಾಂತರ ವರ್ಷ ಕೊಳೆತು ಮೇಲೆ ದಪ್ಪ ಮಣ್ಣಿನ ಹೊದಿಕೆಯಾಗಿದೆ. ಮಳೆ ಬಿಡದೆ ಹಿಡಿದರೆ ಆ ಮಣ್ಣಿನ ತೂಕ ಹೆಚ್ಚುತ್ತದೆ, ಹಿಡಿತ ಕಮ್ಮಿಯಾಗುತ್ತದೆ. ಜಲ ಏಳುವುದು ಅಂತಾರಲ್ಲ, ಆ ಹೊತ್ತಿಗೆ ಧರೆಯ ಮೈಯಿಂದಲೇ ನೀರು ಚಿಮ್ಮುತ್ತದೆ. ಗುಡ್ಡದ ಬುಡ ಇಡೀ ಓರೆಗೆ ಆನಿಕೆ ಕೊಟ್ಟಿತ್ತು. ರಸ್ತೆಗಾಗಿ ಕಡಿದದ್ದು ಅದನ್ನೇ. ಕಡಿದ ಮಣ್ಣನ್ನು ಇನ್ನೊಂದು ಬದಿಯ ಹಳ್ಳಕ್ಕೆ ತಳ್ಳಿದ್ದರೆ ನೀರು ಹೋಗುವ ದಾರಿಯೂ ಮುಚ್ಚಿತು. ಆಗ ರಸ್ತೆಯ ಮೇಲಿನ ಬದಿ ಜಾರುತ್ತದೆ, ಕೆಳಗಿನ ಬದಿ ಕೊರೆದು ಹೋಗುತ್ತದೆ. ಚರಂಡಿ, ಮೋರಿ ಆಮೇಲೆ ನೋಡೋಣ ಎಂದು ಬಿಟ್ಟ ಕಡೆಯಲ್ಲೆಲ್ಲ ಇದು ನಡೆಯುತ್ತದೆ.

ಬೆಟ್ಟದ ರಸ್ತೆಯನ್ನು ಜಾಸ್ತಿ ಅಗಲ ಮಾಡಿದರೆ ಓರೆ ಸಡಿಲವಾಗುತ್ತದೆ, ಮರ ಹೋಗುತ್ತವೆ ಎಂದು ಕೇಂದ್ರ ರಸ್ತೆ ಸಾರಿಗೆ ಸಚಿವಾಲಯವೇ 2018ರ ಮಾರ್ಚ್‌ನಲ್ಲಿ ಒಪ್ಪಿಕೊಂಡಿತ್ತು. ಅಂಥ ಕಡೆ 5.5 ಮೀಟರ್ ಅಗಲ ಸಾಕು ಎಂದು ಸುತ್ತೋಲೆ ಹೊರಡಿಸಿತ್ತು. ಶಿರಾಡಿಯಂಥ ದಟ್ಟ ಓಡಾಟದ ರಸ್ತೆಗೆ ಆ ಅಳತೆ ಸಾಲದು, ನಿಜ. ಉತ್ತರಾಖಂಡದ ಚಾರ್‌ಧಾಮ್ ರಸ್ತೆಗೆ ಸೇನೆಯ ಅಗತ್ಯ ಹೇಳಿ 2020ರಲ್ಲಿ ಆ ಸುತ್ತೋಲೆಯನ್ನೇ ತಿದ್ದಿದರು. 2021ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅಗಲೀಕರಣಕ್ಕೆ ಒಪ್ಪಿತು. ಅಗಲದ ಅಳತೆ ಬದಲಾಯಿತೇ ಹೊರತು ಗುಡ್ಡದ ಗುಣ ಬದಲಾಗಲಿಲ್ಲ.

ಇಲ್ಲಿಂದ ಮುಂದೆ ಎರಡು ಪುಸ್ತಕದ ತೊಂದರೆ ಸ್ಪಷ್ಟ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ 66ರ ಮೇಲೆ ಗುಡ್ಡ ಬಿತ್ತು. ರಸ್ತೆ ಬದಿಯ ಚಹಾ ಅಂಗಡಿ, ನಿಂತಿದ್ದ ವಾಹನಗಳು ಗಂಗಾವಳಿ ನದಿಗೆ ಹೋದವು. ಸತ್ತವರಲ್ಲಿ ಹೆದ್ದಾರಿ ಪ್ರಯಾಣಿಕರೂ ಇದ್ದರು. ಆದರೂ ಇಂಥ ಸಾವು ಪ್ರಕೃತಿ ವಿಕೋಪದ ಪಟ್ಟಿಗೆ ಸೇರುತ್ತದೆ, ರಸ್ತೆ ಅಪಘಾತದ ಪಟ್ಟಿಗೆ ಬರುವುದಿಲ್ಲ. ಹೀಗಾಗಿ ‘ಅಗಲ ಮಾಡಿದ್ದರಿಂದ ಎಷ್ಟು ಜೀವ ಉಳಿಯಿತು’ ಎಂದು ಎಣಿಸುವಾಗ, ಧರೆಯಿಂದ ಹೋದ ಜೀವ ಕಳೆಯುವುದೇ ಇಲ್ಲ.

ಯಾರ ಮಾತಿನಲ್ಲಿ ಏನು ತೂಕ

ಅಗಲೀಕರಣ ಬೇಕು ಎನ್ನುವವರಲ್ಲಿ ಲಾರಿ ಮಾಲೀಕರು, ಬಂದರಿನ ವ್ಯಾಪಾರಿಗಳು, ಹೋಂಸ್ಟೇ ನಡೆಸುವವರು ಇದ್ದಾರೆ. ಅವರಿಗಿಂತ ಗಟ್ಟಿ ಕಾರಣ ಇರುವುದು ಸಾಮಾನ್ಯ ಜನರಿಗೆ. ಸಕಲೇಶಪುರ, ಮೂಡಿಗೆರೆ ಕಡೆಯ ಗಂಭೀರ ರೋಗಿಯನ್ನು ಮಂಗಳೂರಿಗೆ ಸಾಗಿಸಬೇಕಾದಾಗ ಘಾಟಿ ಬಂದ್ ಎಂದರೆ ಗಂಟೆಗಟ್ಟಲೆ ಸುತ್ತಬೇಕು. ಇದನ್ನು ಬೆಂಗಳೂರಿನಲ್ಲಿ ಕುಳಿತ ಪರಿಸರವಾದಿ ಮರೆತು ಮಾತಾಡಿದರೆ ಊರಿನವರಿಗೆ ಸಿಟ್ಟು ಬರುವುದು ನ್ಯಾಯವೇ.

ಬೇಡ ಎನ್ನುವವರ ವಾದವೂ ಸುಮ್ನೆ ಮರ ಎಣಿಸುವುದಲ್ಲ. ಘಾಟಿಯ ಸುತ್ತಲಿನ ಕೆಂಪುಹೊಳೆ ಕಾಡಿನ ತೊರೆಗಳು ಗುಂಡ್ಯ ಹೊಳೆಗೆ, ಕುಮಾರಧಾರೆಗೆ, ಕೊನೆಗೆ ನೇತ್ರಾವತಿಗೆ ಸೇರುತ್ತವೆ. ಮಂಗಳೂರಿನ ಕುಡಿಯುವ ನೀರು ಅದೇ ನೇತ್ರಾವತಿಯದು. ಗುಂಡ್ಯದ ಹೆಸರನ್ನೇ ಹೊತ್ತ ಒಂದು ಕಪ್ಪೆ ಜಾತಿ ಇದೆ, ಇಂಡಿರಾನಾ ಗುಂಡಿಯಾ ಅಂತ. ಅದನ್ನು ವಿಜ್ಞಾನಿಗಳು ಮೊದಲು ಗುರುತಿಸಿದ್ದು ಈ ಕಾಡಿನಲ್ಲೇ. ಎತ್ತಿನಹೊಳೆ ಕಾಲುವೆ, ರೈಲು, ವಿದ್ಯುತ್ ಮಾರ್ಗ ಎಲ್ಲವೂ ಇದೇ ಸಕಲೇಶಪುರ ತಾಲ್ಲೂಕಿನ ಗುಡ್ಡಗಳನ್ನು ಕೊರೆದಿವೆ. ಪ್ರತಿಯೊಂದಕ್ಕೂ ಬೇರೆ ಬೇರೆ ಅನುಮತಿ. ಒಟ್ಟು ಭಾರ ಎಷ್ಟು ಎಂದು ಕೂಡಿಸಿ ನೋಡುವವರು ಯಾರು?

ಕಾಫಿ ಬೆಳೆಗಾರರು ನಡುವೆ ಸಿಕ್ಕಿದ್ದಾರೆ. ರಸ್ತೆಗೆ ತೋಟ ಹೋಗುತ್ತದೆ, ಪರಿಹಾರದ ಜಗಳ ಮುಗಿಯುವುದಿಲ್ಲ. ಅದೇ ಜನ ಪಶ್ಚಿಮ ಘಟ್ಟ ಉಳಿಸುವ ಬಗ್ಗೆ ಬಂದ ಕಸ್ತೂರಿರಂಗನ್ ವರದಿಯನ್ನೂ ವಿರೋಧಿಸುತ್ತಾರೆ. ಇಲ್ಲೊಂದು ತಪ್ಪು ತಿಳಿವಳಿಕೆ ಹರಡಿದೆ. ಆ ವರದಿ ಆಧರಿಸಿದ 2024ರ ಜುಲೈ 31ರ ಕರಡು ಅಧಿಸೂಚನೆ ಕರ್ನಾಟಕದ 20,668 ಚದರ ಕಿ.ಮೀ. ಪ್ರದೇಶವನ್ನು ಪರಿಸರ ಸೂಕ್ಷ್ಮ ಎಂದು ಗುರುತಿಸಿತು. ರಾಜ್ಯ ಸಂಪುಟ ಸೆಪ್ಟೆಂಬರ್‌ನಲ್ಲಿ ವರದಿಯನ್ನು ತಿರಸ್ಕರಿಸಿತು. ವರದಿ ಜಾರಿಯಾದರೆ ರಸ್ತೆಯೇ ಬರುವುದಿಲ್ಲ ಎಂದು ಎರಡೂ ಕಡೆಯವರು ನಂಬಿದ್ದಾರೆ. ಆದರೆ ಆ ಕರಡಿನ ನಿಷೇಧದ ಪಟ್ಟಿಯಲ್ಲಿರುವುದು ಗಣಿ, ಕಲ್ಲು ಕ್ವಾರಿ, ಹೆಚ್ಚು ಮಾಲಿನ್ಯ ಮಾಡುವ ‘ಕೆಂಪು ಪಟ್ಟಿ’ಯ ಕಾರ್ಖಾನೆ, ಭಾರೀ ಕಟ್ಟಡಗಳಂಥವು. ರಸ್ತೆ ಅದರಲ್ಲಿಲ್ಲ.

ಕಾನೂನಿನ ಜರಡಿ

ದೊಡ್ಡ ರಸ್ತೆ ಎಂದರೆ ಪರಿಸರ ಪರಿಣಾಮದ ಅಧ್ಯಯನ ಆಗಿಯೇ ಆಗಿರುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. 2006ರ ಅಧಿಸೂಚನೆಯ ಪ್ರಕಾರ 30 ಕಿ.ಮೀ. ಮೀರಿದ ಹೆದ್ದಾರಿ ವಿಸ್ತರಣೆಗೆ ಪರಿಸರ ಅನುಮತಿ ಬೇಕಿತ್ತು. 2013ರಲ್ಲಿ ಆ ಮಿತಿಯನ್ನು 100 ಕಿ.ಮೀ.ಗೆ ಏರಿಸಿದರು. ಹೆಚ್ಚುವರಿ ಜಾಗದ ಅಗಲದ ಮಿತಿಯನ್ನೂ ಹಿಗ್ಗಿಸಿದರು. 45 ಕಿ.ಮೀ., 26 ಕಿ.ಮೀ. ಎಂದು ತುಂಡು ಮಾಡಿದ ವಿಸ್ತರಣೆ ಕೆಲಸಗಳು ಈ ಜರಡಿಯಲ್ಲಿ ಸಲೀಸಾಗಿ ಸೋರಿಹೋಗುತ್ತವೆ. ಅರಣ್ಯ ಭೂಮಿಗೆ ಬೇರೆ ಅನುಮತಿ ಬೇಕು. ಅಲ್ಲಿ ನೋಡುವುದು ಎಷ್ಟು ಹೆಕ್ಟೇರ್, ಎಷ್ಟು ಮರ, ಬದಲಿಗೆ ಎಲ್ಲಿ ನೆಡುತ್ತೀರಿ ಎಂಬುದನ್ನು. ಧರೆಯ ಕೋನ ಯಾರ ಪುಸ್ತಕಕ್ಕೂ ಸೇರುವುದಿಲ್ಲ.

ಸುರಕ್ಷತೆಯ ಕಡೆಯೂ ಇದೇ ಹಾಡು. ರಸ್ತೆ ಸುರಕ್ಷತಾ ಆಡಿಟ್ ಯೋಜನೆಯ ಮೊದಲ ಹಂತದಿಂದಲೇ ಆಗಬೇಕು ಎಂದು ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆಯಾದ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಕೈಪಿಡಿ ಹೇಳುತ್ತದೆ. ಮೊದಲ ಹಂತ ಎಂದರೆ ಅಗಲ, ದಾರಿ ಎರಡೂ ಇನ್ನೂ ನಿಗದಿಯಾಗದ ಹೊತ್ತು. ವಾಡಿಕೆಯಲ್ಲಿ ಮಾತ್ರ ಸಾವಾದಮೇಲೆ ‘ಬ್ಲ್ಯಾಕ್ ಸ್ಪಾಟ್’ ಗುರುತಿಸುವುದೇ ಸುರಕ್ಷತೆ ಅನ್ನಿಸಿಕೊಂಡಿದೆ. 500 ಮೀಟರ್ ಉದ್ದದಲ್ಲಿ 3 ವರ್ಷದೊಳಗೆ ಸಾವು ಅಥವಾ ತೀವ್ರ ಗಾಯದ 5 ಅಪಘಾತ, ಇಲ್ಲವೇ 10 ಸಾವು ಆದರೆ ಆ ಜಾಗಕ್ಕೆ ಈ ಹೆಸರು ಸಿಗುತ್ತದೆ. ರಸ್ತೆಯ ವಿನ್ಯಾಸ ಕೆಟ್ಟು ಸಾವಾದರೆ ವಿನ್ಯಾಸಕಾರ, ಗುತ್ತಿಗೆದಾರರಿಗೆ ದಂಡ ಹಾಕಲು ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ 198ಎ ಸೆಕ್ಷನ್ ಸೇರಿಸಿದರು. ಗರಿಷ್ಠ ದಂಡ 1 ಲಕ್ಷ ರೂಪಾಯಿ. ನೂರಾರು ಕೋಟಿಯ ಗುತ್ತಿಗೆಯಲ್ಲಿ ಇದು ಚಹಾ ಖರ್ಚು.

ಸುರಂಗ ಕೊರೆದರೆ?

ಗುಡ್ಡ ಕಡಿಯಬೇಡಿ, ಒಳಗೇ ಹೋಗಿ ಎಂಬ ವಾದ ಕೇಳಲು ಚೆಂದ. ಆರು ಸುರಂಗಗಳಿದ್ದ ಸುಮಾರು 23 ಕಿ.ಮೀ. ಬೈಪಾಸ್ ಯೋಜನೆ ಹಲವು ವರ್ಷ ಚರ್ಚೆಯಲ್ಲಿತ್ತು. ಹತ್ತು ಸಾವಿರ ಕೋಟಿಯ ಆಸುಪಾಸಿನ ಖರ್ಚು ನೋಡಿ ಹಿಂದೆ ಸರಿದರು, ಮತ್ತೆ ಎತ್ತಿಕೊಂಡರು.

ಸುರಂಗ ಸರಿಯಾಗಿ ಆದರೆ ಧರೆ ಕುಸಿತದಿಂದ ಬಿಡುಗಡೆ ಸಿಗುತ್ತದೆ, ಮೇಲಿನ ಕಾಡೂ ಬಹುಪಾಲು ಉಳಿಯುತ್ತದೆ. ಆದರೆ ಕೊರೆದ ಕಲ್ಲು ಮಣ್ಣನ್ನು ಎಲ್ಲಿ ಹಾಕುತ್ತಾರೆ? ಹೊಳೆ ಬದಿಗೆ ಸುರಿದರೆ ಕೇಡು ಕೆಳಕ್ಕೆ ಇಳಿಯಿತು ಅಷ್ಟೆ. ಬಂಡೆಯ ಬಿರುಕಿನಲ್ಲಿ ಹರಿಯುವ ನೀರು ಸುರಂಗಕ್ಕೆ ಸೋರಿದರೆ ಮೇಲಿನ ತೋಟಗಳ ಒರತೆ ಬತ್ತಬಹುದು. ಕೆಲಸಗಾರರ ಅಪಾಯ ಎಂಥದ್ದು ಎಂದು 2023ರ ನವೆಂಬರ್‌ನಲ್ಲಿ ಉತ್ತರಾಖಂಡದ ಸಿಲ್ಕ್ಯಾರಾ ಸುರಂಗದ ಕುಸಿತ ತೋರಿಸಿತು. 41 ಮಂದಿ 17 ದಿನ ಒಳಗೆ ಸಿಕ್ಕಿಬಿದ್ದಿದ್ದರು.

ಚರ್ಚೆಯಲ್ಲಿ ಕಮ್ಮಿ ಬರುವ ಇನ್ನೊಂದು ವಿಷಯ ಬೆಂಕಿ. 1999ರಲ್ಲಿ ಫ್ರಾನ್ಸ್–ಇಟಲಿ ನಡುವಿನ ಮಾಂಟ್ ಬ್ಲಾಂಕ್ ಸುರಂಗದಲ್ಲಿ ಒಂದು ಲಾರಿಗೆ ಬೆಂಕಿ ಹತ್ತಿ 39 ಜನ ಸತ್ತರು. ಅದರಲ್ಲಿ ಇದ್ದದ್ದು ಪೆಟ್ರೋಲ್ ಕೂಡ ಅಲ್ಲ, ಮಾರ್ಗರಿನ್ ಮತ್ತು ಹಿಟ್ಟು. ನಮ್ಮ ಹೆದ್ದಾರಿಯಲ್ಲಿ ಸಾಲಾಗಿ ಹೋಗುವುದು ಅನಿಲ ಟ್ಯಾಂಕರ್‌ಗಳು. 2013ರಲ್ಲಿ ಉಪ್ಪಿನಂಗಡಿ ಹತ್ತಿರದ ಪೆರ್ನೆಯಲ್ಲಿ ಒಂದು ಟ್ಯಾಂಕರ್ ಉರುಳಿ ಉರಿದದ್ದನ್ನು ಕರಾವಳಿ ಮರೆತಿಲ್ಲ. ಟ್ಯಾಂಕರ್‌ಗಳನ್ನು ಸುರಂಗಕ್ಕೆ ಬಿಡದಿದ್ದರೆ ಅವು ಹಳೇ ಘಾಟಿಯಲ್ಲೇ ಹೋಗಬೇಕು. ಆಗ ಘಾಟಿಯ ಧರೆ, ಚರಂಡಿ, ಬ್ರೇಕ್ ಕವಲುಗಳ ಖರ್ಚು ಸುರಂಗದ ಖರ್ಚಿನ ಮೇಲೆ ಬಂದು ಕೂರುತ್ತದೆ.

ಎರಡೂ ನಿಜವಾಗಿ ಡಿಕ್ಕಿಯಾಗುವುದು

ಇಷ್ಟು ಹೊತ್ತು ನೋಡಿದ್ದರಲ್ಲಿ ಸುರಕ್ಷತೆ ಮತ್ತು ಪರಿಸರ ಎದುರಾಳಿಗಳಂತೆ ಕಂಡರೂ ಬಹುಪಾಲು ಒಂದೇ ಕಡೆ ಇವೆ. ಗುಡ್ಡ ನಿಂತರೆ ರಸ್ತೆಯೂ ನಿಲ್ಲುತ್ತದೆ. ನಿಜವಾಗಿ ಎದುರಾಗುವ ಜಾಗಗಳೂ ಇವೆ, ಅವನ್ನು ಮುಚ್ಚಿಡಬಾರದು.

ಆಲೂರು, ಸಕಲೇಶಪುರ, ಬೇಲೂರು, ಮೂಡಿಗೆರೆಯ ತೋಟಗಳಲ್ಲಿ ಆನೆಗಳು ಓಡಾಡುತ್ತವೆ. ಮುಖಾಮುಖಿ ಡಿಕ್ಕಿ ತಪ್ಪಿಸಲು ರಸ್ತೆ ನಡುವೆ ಎತ್ತರದ ಕಾಂಕ್ರೀಟ್ ತಡೆ ಹಾಕಿದರೆ ಮನುಷ್ಯ ಉಳಿಯುತ್ತಾನೆ. ಮರಿಯೊಂದಿಗೆ ದಾಟಲು ಬಂದ ಆನೆ ನಡುರಸ್ತೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಆಗ ಅದಕ್ಕೂ ಅಪಾಯ, ಬರುವ ಕಾರಿಗೂ ಅಪಾಯ. ಬೀದಿ ದೀಪದ್ದೂ ಹಾಗೇ. ಚಾಲಕನಿಗೆ ಬೇಕು, ಕಾಡುಪ್ರಾಣಿಗೆ ಬೇಡ. ಮಹಾರಾಷ್ಟ್ರದ ಪೆಂಚ್ ಹತ್ತಿರ ಹೆದ್ದಾರಿ 44ರ ಕೆಳಗೆ ಪ್ರಾಣಿಗಳು ದಾಟಲು ಒಂಬತ್ತು ದಾರಿ ಕಟ್ಟಿದ್ದಾರೆ. ಉದ್ದದ್ದು 750 ಮೀಟರ್. ಹುಲಿಗಳೂ ಅದನ್ನು ಬಳಸುವುದು ಕ್ಯಾಮೆರಾದಲ್ಲಿ ಸೆರೆಯಾಗಿದೆ. ಆದರೆ ಅದು ಗೊತ್ತಾದ ಕಾಡಿನ ಗೊತ್ತಾದ ಜಾಡು. ಕಾಫಿ ತೋಟದ ಆನೆ ಇವತ್ತು ಇಲ್ಲಿ, ನಾಳೆ ಅಲ್ಲಿ. ಅದಕ್ಕೆ ರಾತ್ರಿ ಹೊತ್ತು ವೇಗ ಕಡಿಮೆ ಮಾಡಿಸುವುದು, ಸಂಚಾರ ಇರುವ ಕಡೆ ತಡೆಯಲ್ಲಿ ಸಂದು ಬಿಡುವುದು ಬಿಟ್ಟು ಅಗ್ಗದ ಉಪಾಯ ಕಾಣುವುದಿಲ್ಲ.

ಮುಂದೆ ಏನಾಗಬಹುದು

ಈಗಿನಂತೆಯೇ ಬಿಟ್ಟರೆ ಕತ್ತಿನಲ್ಲಿ ಒತ್ತಡ ಏರುತ್ತದೆ. ಎರಡೂ ತುದಿಯಲ್ಲಿ ನಾಲ್ಕು ಪಥದಲ್ಲಿ ವೇಗವಾಗಿ ಬಂದ ಚಾಲಕ ಥಟ್ಟನೆ ಎರಡು ಪಥದ ತಿರುವಿಗೆ ಬೀಳುತ್ತಾನೆ. ಇಡೀ 26 ಕಿ.ಮೀ. ನಾಲ್ಕು ಪಥ ಮಾಡಿದರೆ ಮುಖಾಮುಖಿ ಡಿಕ್ಕಿ ಇಳಿದು, ವೇಗ ಏರಿ, ಹತ್ತಾರು ಹೊಸ ಧರೆಗಳು ನಿಲ್ಲುತ್ತವೆ. ಮೊದಲ ಕೆಲವು ಮಳೆಗಾಲ ಅವುಗಳ ಪರೀಕ್ಷೆಯ ಕಾಲ.

ನಡುವಿನ ದಾರಿಯೊಂದಿದೆ. ಅದರ ಬಗ್ಗೆ ಇಲ್ಲಿ ಮಾತು ಕಮ್ಮಿ. ಸ್ವೀಡನ್ ದೇಶ ಹಲವು ರಸ್ತೆಗಳನ್ನು ಪೂರ್ತಿ ನಾಲ್ಕು ಪಥ ಮಾಡದೆ ಮೂರು ಪಥ ಮಾಡಿತು. ನಡುವಿನ ಪಥ ಸ್ವಲ್ಪ ದೂರ ಈ ಕಡೆಯವರಿಗೆ, ಸ್ವಲ್ಪ ದೂರ ಆ ಕಡೆಯವರಿಗೆ. ಎರಡು ದಿಕ್ಕಿನ ನಡುವೆ ಉಕ್ಕಿನ ಹಗ್ಗದ ತಡೆ. ಅಂಥ ರಸ್ತೆಗಳಲ್ಲಿ ಸಾವು 80 ಶೇಕಡಾ ಹತ್ತಿರ ಇಳಿಯಿತು. ಘಾಟಿಯಲ್ಲಿ ಇದನ್ನು ಇದ್ದ ಹಾಗೇ ತಂದು ಇಡಲಾಗದು. ಆದರೆ ಏರು ಹತ್ತುವ ಬದಿಗೆ, ಗುಡ್ಡ ಗಟ್ಟಿ ಇರುವ ಕಡೆ ಮಾತ್ರ ಒಂದು ಹೆಚ್ಚಿನ ಪಥ ಕೊಟ್ಟರೆ ಲಾರಿ ಹಿಂದೆ ಸಾಲುಗಟ್ಟುವುದು ತಪ್ಪುತ್ತದೆ. ಓರೆ ತೀರಾ ಕಡಿದಾದ ಕಡೆ ಎರಡು ದಿಕ್ಕಿನ ರಸ್ತೆಗಳನ್ನು ಮೇಲೆ ಕೆಳಗೆ ಬೇರೆ ಬೇರೆ ಮಟ್ಟದಲ್ಲಿ ಒಯ್ಯಬಹುದು, ಇಲ್ಲವೇ ಕಂಬದ ಮೇಲೆ ಹೊರಕ್ಕೆ ತರಬಹುದು. ಕಿಲೋಮೀಟರಿಗೆ ಖರ್ಚು ಜಾಸ್ತಿ. ಆದರೆ ಕಡಿಯುವ ಗುಡ್ಡ ಕಡಿಮೆ.

ಯಾವುದು ಅಗ್ಗ ಎಂದು ಹೇಳಬೇಕಾದರೆ ರಸ್ತೆ ಮುಚ್ಚಿದ ದಿನಗಳನ್ನೂ ಎಣಿಸಬೇಕು. ಯೋಜನಾ ವರದಿಗಳ ಲಾಭದ ಲೆಕ್ಕ ನಿಂತಿರುವುದು ಹೆಚ್ಚಾಗಿ ಉಳಿದ ಸಮಯ, ಉಳಿದ ಇಂಧನದ ಮೇಲೆ. ಒಂದು ಪ್ರಯಾಣದಲ್ಲಿ 30 ನಿಮಿಷ ಉಳಿಯಿತು ಅನ್ನಿ. ಜುಲೈನಲ್ಲಿ ಹತ್ತು ದಿನ ರಸ್ತೆ ಮುಚ್ಚಿದರೆ ಆ ಉಳಿತಾಯದಲ್ಲಿ ಎಷ್ಟು ಕರಗಿತು? ಸುತ್ತು ಹಾಕಿದ ಲಾರಿಯ ಡೀಸೆಲ್, ಆಸ್ಪತ್ರೆಗೆ ತಡವಾದ ಆಂಬುಲೆನ್ಸ್, ಧರೆಯ ಮಣ್ಣು ತೆಗೆಯುವ ವರ್ಷ ವರ್ಷದ ಬಿಲ್ಲು ಯಾವ ಕಾಲಂನಲ್ಲಿ ಬರುತ್ತವೆ? ಶಿರಾಡಿ ಬಂದ್ ಆದ ರಾತ್ರಿ ಚಾರ್ಮಾಡಿಯ ಮಂಜಿನಲ್ಲಿ ಎರಡು ಬಸ್ ಗುದ್ದಿದರೆ ಅದು ಕೊಟ್ಟಿಗೆಹಾರದ ಕಡೆಯ ಠಾಣೆಯಲ್ಲಿ ದಾಖಲಾಗುತ್ತದೆ, ಹೆದ್ದಾರಿ 73ರ ಅಪಘಾತ ಎಂದು. ದೋಣಿಗಾಲಿನ ಧರೆಗೂ ಆ ಕಾಗದಕ್ಕೂ ಸಂಬಂಧ ಇದೆ ಎಂದು ಅದರಲ್ಲಿ ಎಲ್ಲೂ ಬರೆದಿರುವುದಿಲ್ಲ.